ಅತ್ತೆಯ ತಂಬುಳಿಯೂ ಆಸ್ಪತ್ರೆಯ ಬಿಪಿ ಮಶಿನ್ನೂ

ನಮ್ಮ ಸೋದರತ್ತೆ ಇದುವರೆಗೆ ಯಾರಿಗೂ ಊಟ ಬಡಿಸಿದವಳಲ್ಲ. ಅವಳು ಬಡಿಸಿದ್ದೆಲ್ಲ ಔಷಧ. ಜನ ಅದನ್ನು ಊಟವೆಂದುಕೊಂಡು ಉಂಡು, ಕೈತೊಳೆದು, "ಭಾರೀ ರುಚಿ ಆಗಿತ್ತು" ಎಂದು ಹೊಗಳಿ ಹೋಗಿದ್ದಾರೆ, ಅಷ್ಟೆ!

ನೀವು ಅವಳ ಮನೆಯ ಗೇಟು ತೆಗೆದು ಒಳಗೆ ಬರುವಾಗಲೇ ಪರೀಕ್ಷೆ ಶುರುವಾಗಿರುತ್ತದೆ. ಚಪ್ಪಲಿಯನ್ನು ಜೋಡಿಸಿ ಇಟ್ಟಿರೋ, ಒಂದನ್ನು ಅತ್ತ ಒಂದನ್ನು ಇತ್ತ ಒಗೆದಿರೋ? ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತಿರೋ, ತುದಿಯಲ್ಲಿ ಕೂತಿರೋ? ನೀರು ಕೊಟ್ಟರೆ ಒಂದೇ ಗುಟುಕಿಗೆ ಮುಗಿಸಿದಿರೋ? ಇಷ್ಟು ನೋಡಿ ಅವಳು ಹಿತ್ತಲಿಗೆ ಹೋಗುತ್ತಾಳೆ. ಬರುವಾಗ ಮಡಿಲಲ್ಲಿ ಸೊಪ್ಪು, ಅರೆದು ಮಜ್ಜಿಗೆಗೆ ಬೆರೆಸಿ ತಂಬುಳಿ ಮಾಡಲು. ಒಂದೆಲಗ ಬಂತೆಂದರೆ ನಿಮ್ಮ ತಲೆಯಲ್ಲಿ ಏನೋ ಕೊರೆಯುತ್ತಿದೆ ಎಂದರ್ಥ. ಊಟದ ಬದಲು ಮೊದಲು ಕೊತ್ತಂಬರಿ-ಜೀರಿಗೆ ಕಷಾಯ ಬಂದರೆ ನಿಮ್ಮ ಎದೆ ಸುಮ್ಮನೆ ಡವಗುಟ್ಟುತ್ತಿದೆ. ಮಾವಿನ ಮಿಡಿಯ ತಿಳಿಸಾರು, ಅದೇ ಅಪ್ಪೆಹುಳಿ, ಬಂದರಂತೂ ನೀವು ವಾರದಿಂದ ನಿದ್ದೆಗೆಟ್ಟವರು. ಹಾಗಾಗಿ ಅವಳ ಮನೆಯಲ್ಲಿ ಎಲೆಯ ಮುಂದೆ ಕೂತವರು ಮೊದಲು ಪಕ್ಕದವನ ಎಲೆ ನೋಡುತ್ತಾರೆ. ತನಗೆ ಬಡಿಸಿದ್ದು ಅವನಿಗಿಲ್ಲವಾದರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ.

ಒಮ್ಮೆ ಪಕ್ಕದ ಮನೆಗೆ ಸಿದ್ದಾಪುರದ ಕಡೆಯಿಂದ ಹುಡುಗಿ ನೋಡಲು ಬಂದಿದ್ದರು. ಮಧ್ಯಾಹ್ನದ ಊಟ ನಮ್ಮ ಅತ್ತೆಯಲ್ಲಿ. ಎಲ್ಲರಿಗೂ ಸಾರು, ಹುಳಿ ಆಯಿತು. ಮದುಮಗನಾಗುವವನ ಎಲೆಯ ಪಕ್ಕದಲ್ಲಿ ಮಾತ್ರ ಒಂದು ಬಟ್ಟಲು ತಂಬುಳಿ! ಅವನ ತಾಯಿಗೆ ಅನುಮಾನ ಬಾರದೆ ಇದ್ದೀತೇ?

"ನಮ್ಮ ಮಾಣಿಗೆ ಮಾತ್ರ ಎಂತಕ್ಕೆ ಬೇರೆ?"

"ನಿಂಗ್ಳ ಮಾಣಿ ಕೂತಲ್ಲೇ ಕಾಲು ಕುಣಿಸ್ತಾ ಇದ್ದ. ಟೆನ್ಷನ್ನು. ಈಗ್ಲೇ ನೋಡ್ಕಂಡ್ರೆ ಒಳ್ಳೇದು, ಮದ್ವೆ ಆದ್ಮೇಲೆ ಜಾಸ್ತಿ ಆಗ್ತು" ಎಂದಳು ಅತ್ತೆ, ಆ ಹುಡುಗಿಯ ತಂದೆಯ ಎದುರಿಗೇ.

ಮದುವೆ ನಿಂತೇ ಹೋಯಿತು ಎಂದುಕೊಂಡೆವು. ಇಲ್ಲ, ಆಯಿತು. ಆ ಮಾಣಿ ಈಗಲೂ ಮಾವನ ಮನೆಗೆ ಬಂದಾಗ ಬೇಲಿ ದಾಟಿ ಬಂದು, ಹೆಂಡತಿಗೆ ತಿಳಿಯದ ಹಾಗೆ ಒಂದು ಲೋಟ ತಂಬುಳಿ ಕುಡಿದು ಹೋಗುತ್ತಾನೆ.

ಇಂಥ ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದು, ಲೋಕವೆಲ್ಲ ಮಸುಕಾಗಿ, ಆಪರೇಶನ್ ಆಗಲೇಬೇಕು ಎನ್ನುವ ಹೊತ್ತಿಗೆ ಅವಳ ಬಿಪಿ ಅಡ್ಡ ಬಂತು. ಊರಿನವರ ಟೆನ್ಷನ್ ಇಳಿಸಿದವಳ ಟೆನ್ಷನ್ ಇಳಿಯಲೊಲ್ಲದು! ಅದು ಇಳಿಯದೆ ಕಣ್ಣಿಲ್ಲ. ಆ ಕತೆಯನ್ನೇ ಹೇಳಹೊರಟಿದ್ದು.

ಅವಳು ನನ್ನ ತಂದೆಯ ತಂಗಿ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ "ಬಂದ ಒಬ್ಬೊಬ್ಬನ ಮೇಲೂ ಅನುಮಾನ ಬಂತು" ಎನ್ನುತ್ತಾಳೆ. ಸಿದ್ದಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ನಾನು ಅವಳ ಬಾಡಿಗೆ ಮನೆಯಲ್ಲೇ ಇದ್ದು, ಅವಳ ಕೈಯಡುಗೆ ಉಂಡು, ಅವಳ ಕೈಯಲ್ಲೇ ಫೇಲಾಗಿ, ಅವಳ ಕೈಯಲ್ಲೇ ಪಾಸಾದವನು. ನಿವೃತ್ತಿಯಾದ ಮೇಲೆ ಶಿರಸಿಗೆ ಬಂದು ನಮ್ಮ ಮನೆಯ ಹಿಂದಿನ ಸೈಟಿನಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿಕೊಂಡಳು. ನಾನು ಯಲ್ಲಾಪುರದ ಒಂದು ಕಾಲೇಜಿನಲ್ಲಿ ಗುಮಾಸ್ತ. ಬೆಳಿಗ್ಗೆ ಎಂಟರ ಬಸ್ಸಿಗೆ ಹೋದರೆ ಸಂಜೆ ಏಳಕ್ಕೆ ಬರುತ್ತೇನೆ. ಬಂದ ಕೂಡಲೇ ಬೇಲಿಯಾಚೆಯಿಂದ ಒಂದು ದನಿ:

"ಮಾಣೀ, ಬಂದ್ಯ? ಕಷಾಯ ಇಟ್ಟಿದ್ದೆ."

ನನಗೆ ಐವತ್ತಕ್ಕೆ ಎರಡೇ ಕಡಿಮೆ. ಆದರೂ ಅವಳಿಗೆ ಇನ್ನೂ ಮಾಣಿಯೇ, ಸಣ್ಣ ಹುಡುಗನೇ.

ಗಣಿತದವಳಲ್ಲವೇ, ಅವಳಿಗೆ ಯಾವುದನ್ನೂ ಬಾಯಿಮಾತಿಗೆ ನಂಬುವ ಅಭ್ಯಾಸವಿಲ್ಲ. ಅಂಗಡಿಯಲ್ಲಿ ಡಬ್ಬಿಯೊಳಗೆ ಮಾರುವ ಬ್ರಾಹ್ಮಿ ಪುಡಿಯನ್ನು ನಂಬುವುದಿಲ್ಲ. "ಒಣಗಿಸಿ ಪುಡಿ ಮಾಡಿದ್ಮೇಲೆ ಅದು ಒಂದೆಲಗನೋ, ರಸ್ತೆ ಬದಿ ಹುಲ್ಲೋ, ಯಾರು ಕಂಡಿದ್ದ?" ವಾಟ್ಸಾಪಿನಲ್ಲಿ ಬರುವ ಮನೆಮದ್ದುಗಳನ್ನು ನಂಬುವುದಿಲ್ಲ. ಪಕ್ಕದ ಮನೆಯವರು ಕೊಟ್ಟ ಸೊಪ್ಪನ್ನು ನಂಬುವುದಿಲ್ಲ. ಕೊನೆಗೆ ತನ್ನ ತಂಬುಳಿಯನ್ನೂ ನಂಬದೆ, ಒಂದು ಬಿಪಿ ಮಶಿನ್ ತರಿಸಿಕೊಂಡಳು!

ಅಲ್ಲಿಂದ ನಮ್ಮ ಊಟವೆಲ್ಲ ಪ್ರಯೋಗಶಾಲೆಯ ಊಟವಾಯಿತು. ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ. ಎಡಕ್ಕೆ 'ತಂಬುಳಿಗಿಂತ ಮೊದಲು', ಬಲಕ್ಕೆ 'ತಂಬುಳಿಯ ಅರ್ಧ ಗಂಟೆ ನಂತರ'. ಮೊದಲ ದಿನ ನನ್ನ ಹೆಂಡತಿಯ ಸರದಿ. ಒಂದೆಲಗದ ತಂಬುಳಿ ಕುಡಿದು ಅರ್ಧ ಗಂಟೆ ಕುರ್ಚಿಯಲ್ಲಿ ಕೂತಳು. ಬಿಪಿ ಚೆನ್ನಾಗಿಯೇ ಇಳಿದಿತ್ತು. ಅತ್ತೆಗೆ ಹಿಗ್ಗೋ ಹಿಗ್ಗು.

"ಅತ್ತೆ, ಬೆಳಿಗ್ಗೆಂದ ಅವ್ಳು ಕೂತಿದ್ದು ಇದೇ ಮೊದ್ಲು. ನೀನು ಬರೀ ನೀರು ಕೊಟ್ಟು ಕೂರ್ಸಿದ್ರೂ ಇಳೀತಿತ್ತು" ಎಂದೆ.

ಅತ್ತೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು. ಮರುದಿನ ನನ್ನ ಸರದಿ. ಬಟ್ಟಲಲ್ಲಿ ಹಸಿರಾಗಿ ಏನೋ ಇತ್ತು. ಇದರಲ್ಲಿ ಏನು ಹಾಕಿದ್ದಾಳೆ, ನನಗೆ ಯಾವ ರೋಗ ಎಂದು ಹಾಕಿದ್ದಾಳೆ, ನನ್ನಿಂದ ಏನು ಮುಚ್ಚಿಟ್ಟಿದ್ದಾಳೆ ಎಂದು ಯೋಚಿಸುತ್ತಲೇ ಕುಡಿದೆ. ಅರ್ಧ ಗಂಟೆಯ ನಂತರ ನೋಡಿದರೆ ನನ್ನ ಬಿಪಿ ಏರಿತ್ತು!

ಅತ್ತೆ ಅದನ್ನೂ ಪ್ರಾಮಾಣಿಕವಾಗಿ ಬರೆದುಕೊಂಡಳು. ಪಕ್ಕದಲ್ಲಿ ಷರಾ: 'ಅನುಮಾನದ ಪಿಶಾಚಿ. ಲೆಕ್ಕಕ್ಕೆ ಹಿಡಿಯಬಾರದು.'

ಹಾಗಾದರೆ ಈ ಸೊಪ್ಪು, ಕಷಾಯಗಳಿಂದ ಮೈಯ ಟೆನ್ಷನ್ ನಿಜವಾಗಿ ಇಳಿಯುತ್ತದೆಯೇ? ನನಗೇನು ಗೊತ್ತು! ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರನ್ನು ಕೇಳಿದೆ. "ಇರಬಹುದು, ಇನ್ನೂ ನೋಡಬೇಕು" ಎಂದರು. ಇಷ್ಟನ್ನು ಹೇಳಲು ಅಷ್ಟೆಲ್ಲ ಓದಬೇಕಾಗಿತ್ತೇ ಎಂದು ಅನುಮಾನವಾಯಿತು.

ಪೊರೆಯ ವಿಷಯ ನಮಗೆ ತಿಳಿದದ್ದೂ ತಂಬುಳಿಯಿಂದಲೇ. ಒಂದು ಭಾನುವಾರ ಅತ್ತೆಯಲ್ಲಿ ಊಟ. ನಾನು, ನನ್ನ ಹೆಂಡತಿ, ಜೊತೆಗೆ ರಫೀಕ. ರಫೀಕ ನಮ್ಮ ಬೀದಿಯ ಕೊನೆಯ ಆಟೋದವನು. ಅತ್ತೆ ಬೇರೆ ಯಾರ ಆಟೋವನ್ನೂ ನಂಬುವುದಿಲ್ಲವಾದ್ದರಿಂದ ಅವಳನ್ನು ಎಲ್ಲೆಡೆಗೆ ಕರೆದೊಯ್ಯುವವನು ಅವನೇ. ಬದಲಿಗೆ ಅವನ ತಲೆಬಿಸಿಗೆಲ್ಲ ಅತ್ತೆಯದೇ ಮದ್ದು. ಅವತ್ತು ಒಂದೆಲಗದ ತಂಬುಳಿ. ರಫೀಕ ಎರಡು ಲೋಟ ಏರಿಸಿ ಕಣ್ಣು ಮುಚ್ಚಿ ಕೂತ.

"ಅಮ್ಮಾ, ಏನು ಹೇಳ್ಲಿ! ಗಂಟಲಲ್ಲಿ ಇಳೀತಿದ್ದ ಹಾಗೇ ಮನಸ್ಸು ಹಗುರ ಆಯ್ತು. ಹಿಂದಿನ ಸಲದ್ದಕ್ಕಿಂತ ಇವತ್ತಿನದು ಪವರ್ ಜಾಸ್ತಿ!"

ನಾನು ಕೈತೊಳೆಯಲು ಹಿತ್ತಲಿಗೆ ಹೋದೆ. ಬಚ್ಚಲ ನೀರು ಹರಿಯುವಲ್ಲಿ ಒಂದೆಲಗದ ಪಾತಿ. ನೋಡುತ್ತೇನೆ, ಅದರ ಒಂದೆಲೆಯೂ ಕಿತ್ತಿಲ್ಲ! ಅದರ ಪಕ್ಕದಲ್ಲಿ ಅಂಥದೇ ಗುಂಡೆಲೆಯ ಒಂದು ಕಳೆ ಹಬ್ಬಿತ್ತು. ದನ ಕೂಡ ಮೂಸುವುದಿಲ್ಲ. ಅದು ಬೋಳಾಗಿತ್ತು. ನಾವು ಕುಡಿದದ್ದು ಇದನ್ನೇ! ಎರಡು ಲೋಟ ಕುಡಿದ ರಫೀಕನನ್ನು ಇಣುಕಿ ನೋಡಿದೆ. ಅವನು ಹಲ್ಲುಕಡ್ಡಿ ಹಾಕಿಕೊಂಡು ಹಾಯಾಗಿ ನಗುತ್ತಿದ್ದ.

ಅವನು ಹೋದ ಮೇಲೆ ಆ ಕಳೆಯ ಒಂದು ಎಲೆ ತಂದು ಅತ್ತೆಯ ಅಂಗೈಯಲ್ಲಿಟ್ಟೆ.

"ಅತ್ತೆ, ಇದು ಯಾವ ಸೊಪ್ಪು?"

ಅವಳು ಎಲೆಯನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದಳು. ಬೆಳಕಿಗೆ ಹಿಡಿದಳು. ಕೊನೆಗೆ ತುದಿಯನ್ನು ಹಲ್ಲಲ್ಲಿ ಕಚ್ಚಿದಳು. ಕಚ್ಚಿದವಳ ಮುಖ ಬದಲಾಯಿತು.

"ಒಂದೆಲಗವೇಯ..." ಎಂದಳು, ದನಿಯಲ್ಲಿ ಧೈರ್ಯವಿಲ್ಲದೆ.

"ಅಲ್ಲ ಅತ್ತೆ."

ಕತ್ತಲಲ್ಲಿ ಮುಟ್ಟಿಯೇ ಇಪ್ಪತ್ತು ಸೊಪ್ಪಿನ ಹೆಸರು ಹೇಳುತ್ತಿದ್ದವಳು ಅವಳು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವಾಗ ಬೇಲಿಯ ಬಳಿ ಬಂದು ನಿಂತಿದ್ದಳು. "ಕಣ್ಣಿನ ಡಾಕ್ಟ್ರ ಹತ್ರ ಹೋಪನ ಮಾಣಿ. ಆನು ಇನ್ನು ಯಾರಿಗೆ ಎಂತ ತಿನ್ಸಿ ಬಿಡ್ತೆ ಹೇಳಿ ಯಂಗೇ ಹೆದ್ರಿಕೆ ಆಜು" ಎಂದಳು.

ಕಣ್ಣಿನ ಆಸ್ಪತ್ರೆಗೆ ಹೋದದ್ದು ರಫೀಕನ ಆಟೋದಲ್ಲಿ, ತೊಡೆಯ ಮೇಲೆ ಕಷಾಯದ ಫ್ಲಾಸ್ಕು. ಅಲ್ಲಿಯ ನರ್ಸು ಹಾವೇರಿ ಕಡೆಯವಳು, ಗಟ್ಟಿ ದನಿಯ ಗಟ್ಟಿ ಹುಡುಗಿ.

"ಬರ್ರಿ ಅಮ್ಮಾರ, ಕುಂದರ್ರಿ. ತೋಳು ಕೊಡ್ರಿ."

ಬಿಪಿ ನೂರತೊಂಬತ್ತು ದಾಟಿತ್ತು! ಮನೆಯಲ್ಲಿ ಬೆಳಿಗ್ಗೆ ನೋಡಿದಾಗ ನೂರಮೂವತ್ತು. ಅತ್ತೆ ಸುಮ್ಮನಿರುತ್ತಾಳೆಯೇ?

"ಈ ಮಶಿನ್ನು ಸರಿ ಇಲ್ಲೆ. ಇದಕ್ಕೇ ಬಿಪಿ ಇದ್ದು."

ನರ್ಸು ಬೇರೆ ಮಶಿನ್ ತಂದಳು. ಅದರಲ್ಲಿ ಇನ್ನೂ ಹತ್ತು ಹೆಚ್ಚು. ಡಾಕ್ಟರು ಸಮಾಧಾನದ ಮನುಷ್ಯ. ಅತ್ತೆ ತನ್ನ ಕಷಾಯದ ವಿಷಯ ಹೇಳಿದ್ದನ್ನು ಪೂರ್ತಿ ಕೇಳಿದರು. "ಕುಡೀರಿ ಅಮ್ಮ, ಬೇಡ ಅನ್ನಲ್ಲ. ಆದರೆ ಫಿಜಿಶಿಯನ್ನರಿಗೆ ತೋರಿಸಿ ಮಾತ್ರೆಯನ್ನೂ ತಗೊಳ್ಳಿ. ಇಷ್ಟು ಬಿಪಿ ಇಟ್ಟುಕೊಂಡು ನಾನು ಕಣ್ಣು ಮುಟ್ಟಲ್ಲ" ಎಂದರು.

ಮಾತ್ರೆ ತಂದೆವು. ಈಗ ಅನುಮಾನ ಪಡುವ ಸರದಿ ನನ್ನದು. ಇವಳು ಮಾತ್ರೆ ನುಂಗುತ್ತಾಳೆಂದು ನಂಬುವುದು ಹೇಗೆ? ಕೇಳಿದರೆ "ನುಂಗಿದ್ದೆ" ಎನ್ನುತ್ತಾಳೆ, ಆದರೆ ಬಂದವರಿಗೆಲ್ಲ "ಯನ್ನ ಬಿಪಿ ಕೊತ್ತಂಬರಿ ಕಷಾಯದಲ್ಲೇ ಇಳೀತಾ ಇದ್ದು" ಎಂದು ಸಾರುತ್ತಾಳೆ. ಖಂಡಿತ ದೊಡ್ಡಪತ್ರೆಯ ಬುಡಕ್ಕೆ ಹಾಕುತ್ತಿದ್ದಾಳೆ ಎಂದುಕೊಂಡು ಒಂದು ದಿನ ಅವಳು ಸ್ನಾನಕ್ಕೆ ಹೋದಾಗ ಗಿಡದ ಬುಡ ಕೆದಕಿದೆ. ಇಲ್ಲ. ಮಾಡಿನ ಸಂದಿ ನೋಡಿದೆ. ಇಲ್ಲ. ಅಡುಗೆಮನೆಗೆ ನುಗ್ಗಿ ಜೀರಿಗೆ ಡಬ್ಬಿಯ ಮುಚ್ಚಳ ತೆರೆದರೆ ಒಳಗೆ ಮಾತ್ರೆಯ ಪಟ್ಟಿ! ಪ್ರತಿ ಖಾಲಿ ಗುಳಿಯ ಮೇಲೂ ಪೆನ್ನಿನಲ್ಲಿ ದೊಡ್ಡದಾಗಿ, ಸೊಟ್ಟಸೊಟ್ಟಾಗಿ ವಾರದ ಹೆಸರು ಬರೆದಿದ್ದಳು. ಒಂದು ದಿನವೂ ತಪ್ಪಿರಲಿಲ್ಲ.

ಹಿಂದಿನಿಂದ ದನಿ ಬಂತು: "ಸಿಕ್ತ?"

ನನಗೆ ನಾಚಿಕೆಯಾಯಿತು. ಅವಳಿಗೆ ನನಗಿಂತ ಹೆಚ್ಚು.

"ಯಾರ ಹತ್ರವೂ ಹೇಳಡ ಮಾಣಿ. ಮಾತ್ರೆ ತಗತ್ತೆ ಹೇಳಿ ಗೊತ್ತಾದ್ರೆ ಯನ್ನ ತಂಬ್ಳಿ ಯಾರು ಕುಡೀತ?"

ಎರಡನೆಯ ಸಲ ಹೊರಟಾಗ ಅತ್ತೆ ಹೊಸ ಉಪಾಯ ಮಾಡಿದಳು. ಆಸ್ಪತ್ರೆಯ ಮಶಿನ್ನಿಗೆ ಸಿಗುವಾಗ ಮೈ ತಣ್ಣಗಿರಬೇಕೆಂದು, ಎರಡು ಚೊಂಬು ಅಪ್ಪೆಹುಳಿ ಕುಡಿದು ಬಂದಳು. ಮಾವಿನ ಮಿಡಿಯ ಅಪ್ಪೆಹುಳಿ ಕುಡಿದವರು ನಮ್ಮ ಕಡೆ ಕೂತಲ್ಲೇ ತೂಕಡಿಸುವುದು ಎಲ್ಲರಿಗೂ ಗೊತ್ತು. ಅತ್ತೆ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಹೆಗಲಿಗೊರಗಿ ಗೊರಕೆ ಹೊಡೆಯತೊಡಗಿದಳು. ಎಂಥ ಶಾಂತಿ! ಆಗಲೇ ಮಶಿನ್ ಕಟ್ಟಿದ್ದರೆ ಪಾಸಾಗುತ್ತಿದ್ದಳು. ಅವಳ ಹೆಸರು ಎರಡು ಸಲ ಕೂಗಿದರೂ ಏಳಲಿಲ್ಲ. ಮೂರನೆಯ ಸಲ ನರ್ಸು ಕಿವಿಯ ಬಳಿ ಬಂದು "ಅಮ್ಮಾರ!" ಎಂದು ಕೂಗಿದ ರಭಸಕ್ಕೆ ಅತ್ತೆ ಬೆಚ್ಚಿ ಎದ್ದು ನಿಂತಳು. ಆ ಕೂಗಿಗೆ ನನ್ನದೇ ಬಿಪಿ ಏರಿತ್ತು, ಅವಳದನ್ನು ಕೇಳಬೇಕೆ! ಮತ್ತೆ ವಾಪಸು.

ಬರುವಾಗ ಆಟೋದಲ್ಲಿ ರಫೀಕ ಕನ್ನಡಿಯಲ್ಲಿ ನೋಡಿ, "ಅಮ್ಮಾ, ಆ ಒಂದೆಲಗ ಕುಡಿರಿ. ನನಗೆ ಅದೇ ಆಗೋದು" ಎಂದ. ನಾನು ಹೊರಗೆ ನೋಡಿದೆ. ಅವನಿಗೆ ನಾವು ಇನ್ನೂ ಹೇಳಿರಲಿಲ್ಲ.

ಮನೆ ಹತ್ತಿರವಾದಾಗ ಅತ್ತೆ ನಿಧಾನಕ್ಕೆ ಕೇಳಿದಳು. "ಆಪರೇಶನ್ ಆದ್ಮೇಲೂ ಕಾಣದ್ದೇ ಹೋದ್ರೆ ಎಂತ ಮಾಡವು?"

"ಕಾಣ್ತು ಅತ್ತೆ. ಎಲ್ರಿಗೂ ಕಾಣ್ತು."

"ಕಾಣದ್ದೇ ಹೋದ್ರೆ ಬೇರೆಯವು ಬಡಿಸಿದ್ದನ್ನ ಉಣ್ಣವು. ಎಂತ ಹಾಕಿದ್ದ ಹೇಳೂ ತಿಳೀದ್ದೇ." ನನ್ನ ಕಡೆ ತಿರುಗಿ ಹೇಳಿದಳು: "ಯಂಗೆ ಹೆದ್ರಿಕೆ ಆಗ್ತು ಮಾಣಿ. ಆ ಕೋಣೆಗೆ ಹೋದ ಕೂಡ್ಲೇ ಎದೆ ಹೊಡ್ಕತ್ತು. ಯಾವ ಸೊಪ್ಪಿಗೂ ಬಗ್ತಿಲ್ಲೆ."

ಅವಳು ಆಸ್ಪತ್ರೆಗೆ ಹೆದರುತ್ತಾಳೆಂಬುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಅವಳ ಕೈ ಹಿಡಿದುಕೊಂಡೆ.

ಮೂರನೆಯ ಸಲ ಹೋದಾಗ ನಾನು ಮೊದಲೇ ಒಳಗೆ ಹೋಗಿ ಆ ನರ್ಸಿನ ಬಳಿ ಎಲ್ಲ ಹೇಳಿದೆ. ಅವಳು "ಹೂಂ, ಹೂಂ" ಎಂದಳು. ಅತ್ತೆಯನ್ನು ಕರೆದು ಕೂರಿಸಿದಳು. ಮಶಿನ್ ತೆಗೆಯಲೇ ಇಲ್ಲ. ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತು, ದನಿ ತಗ್ಗಿಸಿ ಹೇಳಿದಳು.

"ಅಮ್ಮಾರ, ನಿಮ್ಗೊಂದು ಕೇಳ್ಬೇಕಿತ್ರಿ. ನಂಗ ಹದಿನೈದು ದಿನ ಆತು, ನಿದ್ದೀನ ಬರವಲ್ದು. ಎದಿ ಡವಡವ ಅಂತೈತಿ. ಏನರ ಮನಿ ಮದ್ದು ಹೇಳ್ರಿ."

ಅತ್ತೆಯ ಬೆನ್ನು ನೆಟ್ಟಗಾಯಿತು. ಕಣ್ಣು ಕಿರಿದು ಮಾಡಿ ಆ ಹುಡುಗಿಯ ಮುಖದ ಕಡೆ ಬಾಗಿದಳು. "ಊಟ ಎಷ್ಟೊತ್ತಿಗೆ ಮಾಡ್ತೆ? ಚಾ ಎಷ್ಟು ಸಲ?" ವಿಚಾರಣೆ ಶುರುವಾಯಿತು. ಆಮೇಲೆ ಕೊತ್ತಂಬರಿ ಎಷ್ಟು, ಜೀರಿಗೆ ಎಷ್ಟು, ಹುರಿಯುವಾಗ ಯಾವ ಬಣ್ಣಕ್ಕೆ ಬಂದರೆ ಇಳಿಸಬೇಕು, ಬೆಲ್ಲ ಯಾವಾಗ, ಹಾಲು ಯಾವಾಗ! ನರ್ಸು ತಲೆಯಾಡಿಸುತ್ತಾ, "ಹೌದ್ರಿ? ಹಾಲು ಕಡೀಕ ಹಾಕೋದನ್ರಿ?" ಎನ್ನುತ್ತಾ ಅತ್ತೆಯ ತೋಳಿಗೆ ಪಟ್ಟಿ ಸುತ್ತಿದಳು. ಅತ್ತೆ ಅದನ್ನು ಗಮನಿಸಲೇ ಇಲ್ಲ. ಹಾಲು ಕುದಿಸಬಾರದು ಎನ್ನುವಲ್ಲಿಗೆ ಬಂದಾಗ ಮಶಿನ್ ಬೀಪ್ ಎಂದಿತು.

ನೂರಮೂವತ್ತಾರು!

ಆ ನರ್ಸಿಗೆ ನಿಜವಾಗಿ ನಿದ್ದೆ ಬರುತ್ತಿರಲಿಲ್ಲವೇ? ಆ ಗುಂಡು ಕೆನ್ನೆ ನೋಡಿದರೆ ನನಗೆ ಭಾರೀ ಅನುಮಾನ. ಮಾತ್ರೆ ಕೆಲಸ ಮಾಡಿತೋ, ಕಷಾಯ ಕೆಲಸ ಮಾಡಿತೋ, ಕಷಾಯ ಮಾಡುವುದನ್ನು ಇನ್ನೊಬ್ಬರಿಗೆ ಹೇಳಿಕೊಟ್ಟದ್ದೇ ಕೆಲಸ ಮಾಡಿತೋ? ಅತ್ತೆಯ ನೋಟ್‌ಬುಕ್ಕಿನಲ್ಲಿ ಇದಕ್ಕೆ ಯಾವ ಕಡೆಯಲ್ಲೂ ಜಾಗವಿರಲಿಲ್ಲ.

ಆಪರೇಶನ್ ಅವತ್ತೇ ಆಯಿತು. ಮೊದಲು ಬಲಗಣ್ಣು. ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಲು ಹೋದೆವು. ನರ್ಸು ಮೆಲ್ಲಗೆ ಅಂಟು ಬಿಡಿಸಿ ಹತ್ತಿ ತೆಗೆದಳು. ಅತ್ತೆ ಕಣ್ಣು ತೆರೆಯಲು ಬಹಳ ಹೊತ್ತು ತೆಗೆದುಕೊಂಡಳು. ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅವಳ ಉಗುರು ಚುಚ್ಚುತ್ತಿತ್ತು.

ತೆರೆದಳು. ಮೊದಲು ಎದುರಿನ ಗೋಡೆ ನೋಡಿದಳು. ಅಲ್ಲಿದ್ದ ಅಕ್ಷರದ ಪಟದ ಕೊನೆಯ ಸಾಲಿಗಿಂತ ಒಂದು ಸಾಲು ಮೇಲಿನದನ್ನು ಯಾರೂ ಓದು ಎನ್ನದೆಯೇ ಓದಿದಳು. ಆಮೇಲೆ ಡಾಕ್ಟರನ್ನು ನೋಡಿ ಗಾಬರಿಯಾದಳು.

"ಅಯ್ಯೋ, ಇಷ್ಟು ಸಣ್ಣ ಮಾಣಿನ! ಮೊದ್ಲೇ ಕಂಡಿದ್ರೆ ಕಣ್ಣು ಕೊಡ್ತಿದ್ನೇ ಇಲ್ಲೆ!"

ಡಾಕ್ಟರು ನಕ್ಕರು. ನರ್ಸು ನಕ್ಕಳು. ನಾನೂ ನಗುತ್ತಾ, "ಕಾಣ್ತನೇ ಅತ್ತೆ?" ಎಂದು ಅವಳೆದುರಿಗೆ ಬಂದು ಬಾಗಿದೆ.

ಅತ್ತೆ ನನ್ನನ್ನು ನೋಡಿದಳು. ನಗು ನಿಂತಿತು. ನನ್ನ ಹಣೆ ನೋಡಿದಳು, ಕೆನ್ನೆ ನೋಡಿದಳು. ಕೈಯೆತ್ತಿ ನನ್ನ ಕಿವಿಯ ಬಳಿಯ ಕೂದಲನ್ನು ಮುಟ್ಟಿದಳು.

"ಇದೆಲ್ಲ ಯಾವಾಗ ಆತು?"

"ಎಂತದ್ದು ಅತ್ತೆ?"

"ತಲೆ ಪೂರಾ ಬೆಳ್ಳಗಾಜು. ಕಣ್ಣು ಗುಳಿ ಬಿದ್ದಿದ್ದು. ಮೋರೆ ಎಂತ ಇಷ್ಟು ಸೋತೋಜು?" ಹೆಬ್ಬೆರಳಿನಿಂದ ನನ್ನ ಕಣ್ಣಿನ ಕೆಳಗೆ ಸವರಿದಳು. "ದಿನಾ ಬೇಲಿ ಹತ್ರ ನಿಂತ್ಕಂಡು ಮಾತಾಡ್ತಿದ್ದೆ. ದನಿ ಕೇಳಿ ಆರಾಮಿದ್ದೆ ಹೇಳೇ ಅಂದ್ಕಂಡಿದ್ದೆ. ಎಷ್ಟು ವರ್ಷಾತು, ಯಂಗೆ ನಿನ್ನ ಮೋರೆ ಕಂಡಿದ್ದೇ ಇಲ್ಲೆ. ಊರವರ ಮೋರೆಯೆಲ್ಲ ನೋಡಿದ್ದೆ ಹೇಳಿ ಕೂತಿದ್ದೆ. ಎಂತ ಆಜು ನಿಂಗೆ?"

ಏನೂ ಆಗಿಲ್ಲ ಎಂದು ಹೇಳಬೇಕೆಂದೇ ಬಾಯಿ ತೆರೆದೆ. ಮನೆಯಲ್ಲಿ, ಆಫೀಸಿನಲ್ಲಿ, ಬಸ್ಸಿನಲ್ಲಿ ಯಾರು ಕೇಳಿದರೂ ನಾನು ಅದನ್ನೇ ಹೇಳುತ್ತಿದ್ದೆ. ಅತ್ತೆ ಈಗ ಯಾವುದಾದರೊಂದು ಸೊಪ್ಪಿನ ಹೆಸರು ಹೇಳುತ್ತಾಳೆ, ನಾನು ಗೇಲಿ ಮಾಡುತ್ತೇನೆ, ಅಲ್ಲಿಗೆ ಮುಗಿಯುತ್ತದೆ ಎಂದು ಕಾದೆ. ಅವಳು ಯಾವ ಸೊಪ್ಪಿನ ಹೆಸರನ್ನೂ ಹೇಳಲಿಲ್ಲ. ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನೋಡುತ್ತಲೇ ಇದ್ದಳು. ಹಾಗೆ ನನ್ನನ್ನು ಯಾರಾದರೂ ನೋಡಿ ಎಷ್ಟು ಕಾಲವಾಗಿತ್ತೋ!

"ಸಾಕಾಗೋಜು ಅತ್ತೆ" ಎಂದುಬಿಟ್ಟೆ.

"ಅಮ್ಮಾರ, ಕಣ್ಣಾಗ ನೀರು ತರಬ್ಯಾಡ್ರಿ, ಈಗಷ್ಟ ಆಪರೇಶನ್ ಆಗೈತ್ರಿ" ಎಂದಳು ನರ್ಸು.

"ಆನು ಅಳ್ತಾ ಇಲ್ಯೇ ಕೂಸೇ" ಎಂದಳು ಅತ್ತೆ, ನನ್ನ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಳ್ಳುತ್ತಾ. "ಅಳ್ತಾ ಇದ್ದಿದ್ದು ಯಮ್ಮನೆ ಮಾಣಿ. ಒಂದು ಚೂರು ಅಳ್ಲಿ ಬಿಡು ಅವ."